ಮೂರು ರಾತ್ರಿಯ ಶ್ರೀರಂಗಪಟ್ಟಣ

ಬೆಂಗಳೂರಿನಿಂದ ಮೈಸೂರಿಗೆ ಪ್ರವಾಸ ಹೊರಡುವ ಸಂಸಾರಗಳು ದಾರಿಯಲ್ಲಿರುವ ಶ್ರೀರಂಗಪಟ್ಟಣಕ್ಕೆ ಮೀಸಲಿಡುವ ಕಾಲ ಸಾಮಾನ್ಯವಾಗಿ ಎರಡು ಗಂಟೆ. ರಂಗನಾಥನಿಗೊಂದು ನಮಸ್ಕಾರ, ದರಿಯಾ ದೌಲತ್ತಿಗೊಂದು ಸುತ್ತು, ಗುಂಬಜಿನ ಮುಂದೊಂದು ಭಾವಚಿತ್ರ. ಇಷ್ಟಾದರೆ ಊರು ನೋಡಿದಂತಾಯಿತು. 2023ರಲ್ಲಿ ಹೊಸ ಹೆದ್ದಾರಿ ತೆರೆದ ಮೇಲಂತೂ ಆ ಎರಡು ಗಂಟೆಗೂ ಸಂಚಕಾರ ಬಂದಿದೆ. ರಸ್ತೆ ಈಗ ಊರನ್ನು ಬಳಸಿಕೊಂಡು ಸಾಗುತ್ತದೆ. ನೂರ ಎಂಬತ್ತೊಂಬತ್ತು ವರ್ಷ ಮೈಸೂರು ಸೀಮೆಯ ರಾಜಧಾನಿಯಾಗಿದ್ದ ಊರೊಂದು ಕಾರಿನ ಕಿಟಕಿಯಿಂದಲೂ ಕಾಣದೆ ಹಿಂದಕ್ಕೆ ಸರಿದುಹೋಗುತ್ತದೆ.

ಜಪಾನಿನ ಕ್ಯೋಟೋ ನಗರವೂ ಹಳೆಯ ರಾಜಧಾನಿಯೇ. 794ರಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಚಕ್ರವರ್ತಿಗಳ ಪೀಠ ಅಲ್ಲಿತ್ತು. ಅಲ್ಲಿಗೆ ಹೋಗುವ ಪ್ರವಾಸಿ ಮೂರು ನಾಲ್ಕು ದಿನವಾದರೂ ತಂಗುತ್ತಾನೆ. ಒಂದು ದಿನ ನಗರಕ್ಕೆ, ಮತ್ತೊಂದು ದಿನ ಸುತ್ತಣ ಬೆಟ್ಟದ ದೇಗುಲಗಳಿಗೆ, ಇನ್ನೊಂದು ದಿನ ನೆರೆಯ ಊರುಗಳಿಗೆ. 1945ರಲ್ಲಿ ಅಣುಬಾಂಬಿನ ಗುರಿಗಳ ಪಟ್ಟಿಯಲ್ಲಿ ಕ್ಯೋಟೋದ ಹೆಸರೂ ಇತ್ತು. ಅಮೆರಿಕದ ಯುದ್ಧಮಂತ್ರಿ ಸ್ಟಿಮ್ಸನ್ ಹಠ ಹಿಡಿದು ಅದನ್ನು ಪಟ್ಟಿಯಿಂದ ತೆಗೆಸಿದ; ಊರು ಉಳಿಯಿತು. ಶ್ರೀರಂಗಪಟ್ಟಣಕ್ಕೆ ಅಂಥ ಅದೃಷ್ಟ ಒದಗಲಿಲ್ಲ. ಅದು ಮುತ್ತಿಗೆಗೆ ಸಿಕ್ಕಿತು, ಸೂರೆಹೋಯಿತು, ರಾಜಧಾನಿಯ ಪದವಿಯನ್ನೂ ಕಳೆದುಕೊಂಡಿತು. ಆದುದರಿಂದಲೇ ಇಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಕಾಣದಿರುವುದು ಹೆಚ್ಚು. ಕಾಣದಿರುವುದನ್ನು ಮನಸ್ಸಿಗೆ ತಂದುಕೊಳ್ಳಲು ಎರಡು ಗಂಟೆ ಸಾಲದು.

ಮೂರು ರಾತ್ರಿ ತಂಗಲು ಮನಸ್ಸು ಮಾಡಿದ ಸಂಸಾರಕ್ಕೆ ಮೊದಲ ದಿನ ಕೋಟೆಯೊಳಗೆ ಕಳೆದುಹೋಗುತ್ತದೆ. ಬೆಳಗಿನ ತಂಪಿನಲ್ಲಿ ಆದಿರಂಗನ ದರ್ಶನ ಮುಗಿಸಿ ಹೊರಬಂದರೆ ಸಮೀಪದಲ್ಲೇ ಲಾಲ್ ಮಹಲ್ ಅರಮನೆಯ ತಳಪಾಯವಿದೆ. ಅರಮನೆಯಿಲ್ಲ, ಅದರ ಗುರುತು ಮಾತ್ರ ಉಂಟು. ದೇವಾಲಯದ ಗೋಪುರ, ಅರಮನೆಯ ನೆಲ, ಟಿಪ್ಪು ಕಟ್ಟಿಸಿದ ಮಸೀದಿಯ ಎರಡು ಮಿನಾರುಗಳು, ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ನರಸಿಂಹನ ಗುಡಿ, ಇವೆಲ್ಲ ಒಂದೇ ಕೋಟೆಯೊಳಗೆ ನಡೆದು ನೋಡುವಷ್ಟು ಹತ್ತಿರದಲ್ಲಿವೆ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಈ ಕೋಟೆಯನ್ನು ವಶಪಡಿಸಿಕೊಂಡದ್ದು ಮೊದಲುಗೊಂಡು 1799ರವರೆಗಿನ ಕಥೆಯನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ಉತ್ತಮವಾದ ಪಾಠಶಾಲೆ ಬೇರೊಂದಿಲ್ಲ.

ಕೋಟೆ ಬಿದ್ದ ಬಗೆಯನ್ನು ತಿಳಿಯಬೇಕಾದರೆ ಹೊಳೆಯನ್ನು ನೋಡಬೇಕು. ಊರು ದ್ವೀಪ, ಕಾವೇರಿಯೇ ಅದರ ಅಗಳು. ಕೊಡಗಿನಲ್ಲಿ ಮುಂಗಾರು ಹಿಡಿದು ಹೊಳೆ ತುಂಬಿದಾಗ ಯಾವ ದಂಡೂ ಈ ಕೋಟೆಯನ್ನು ಸಮೀಪಿಸಲಾರದು. ಬೇಸಗೆಯಲ್ಲಾದರೋ ನೀರು ಇಳಿದು ಬಂಡೆಗಳು ತಲೆಯೆತ್ತುತ್ತವೆ, ಹೊಳೆ ಹಾಯುವಂತಾಗುತ್ತದೆ. ಮಳೆಗಾಲಕ್ಕೆ ಮುನ್ನ ಕೆಲಸ ಮುಗಿಸಬೇಕೆಂಬುದೇ ಜನರಲ್ ಹ್ಯಾರಿಸನ ಆತುರ. 1799ರ ಮೇ 4ರ ಮಧ್ಯಾಹ್ನ, ಫಿರಂಗಿಗಳು ಕೆಡವಿದ ಗೋಡೆಯ ಕಂಡಿಯತ್ತ ಅವನ ಸೈನ್ಯ ಹೊಳೆ ದಾಟಿ ನುಗ್ಗಿತು. ಆ ದಿನವೇ ಟಿಪ್ಪು ಕಾದಾಡುತ್ತ ಮಡಿದ. ಅವನ ದೇಹ ದೊರೆತ ಜಾಗದಲ್ಲಿ ಇಂದು ಒಂದು ಸ್ಮಾರಕಶಿಲೆ ಇದೆ. ಏಳು ವರ್ಷ ಹಿಂದೆ, 1792ರಲ್ಲಿ, ಕಾರ್ನ್‌ವಾಲಿಸನೊಡನೆ ಇದೇ ಊರಿನಲ್ಲಿ ಆದ ಒಪ್ಪಂದಕ್ಕಾಗಿ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಒಪ್ಪಿಸಬೇಕಾಯಿತು. ಹಣ ತೀರುವವರೆಗೆ ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಈ ರಾಜನ ಕುರಿತು ಜನರಲ್ಲಿ ಇಂದಿಗೂ ಒಮ್ಮತವಿಲ್ಲ. ಆದರೆ ಬೇಸಗೆಯ ಹೊಳೆಯ ಎದುರು ನಿಂತ ತಂದೆತಾಯಿಗಳಿಗೆ ಒತ್ತೆಯಾಗಿ ಹೋದ ಆ ಬಾಲಕರ ನೆನಪು ಬಾರದಿರದು.

ಮಧ್ಯಾಹ್ನ ದರಿಯಾ ದೌಲತ್. 1784ರಲ್ಲಿ ಕಟ್ಟಿದ ಈ ಬೇಸಗೆಯ ಅರಮನೆಯ ಪಡುಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗದ ಚಿತ್ರವಿದೆ. ಸೋತ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಸುತ್ತ ಮೈಸೂರಿನ ಕುದುರೆಗಳು. ಕೋಟೆ ಬಿದ್ದ ಮೇಲೆ ಇದೇ ಮನೆಯಲ್ಲಿ ವಾಸ ಮಾಡಿದವನು ಆರ್ಥರ್ ವೆಲ್ಲೆಸ್ಲಿ. ಆಂಗ್ಲರ ಸೋಲನ್ನು ಬರೆದ ಗೋಡೆಯನ್ನು ಮುಂದೆ ಆಂಗ್ಲನೇ ಆದ ಡಾಲ್‌ಹೌಸಿ ದುರಸ್ತಿ ಮಾಡಿಸಿದನೆಂಬುದು ಇತಿಹಾಸದ ವಿನೋದ. ಗುಂಬಜಿನಲ್ಲಿ ಹೈದರ್, ಅವನ ಪತ್ನಿ, ಮಗ ಟಿಪ್ಪು ಮೂವರೂ ಒಂದೆಡೆ ಮಲಗಿದ್ದಾರೆ. ಸಂಜೆಗೆ ಸಂಗಮ. ಕವಲೊಡೆದ ಕಾವೇರಿ ಅಲ್ಲಿ ಮತ್ತೆ ಒಂದಾಗುತ್ತಾಳೆ. ನೋಟ ರಮ್ಯ, ಆದರೆ ಬಂಡೆಗಳ ನಡುವೆ ಸುಳಿಗಳುಂಟು. ಈಜು ಬಲ್ಲೆನೆಂಬ ಬಿಂಕದಿಂದ ನೀರಿಗಿಳಿದವರನ್ನು ಹೊಳೆ ಕ್ಷಮಿಸುವುದಿಲ್ಲ. ದಡದಲ್ಲಿ ಕಾಲು ತೊಳೆದು ಬಂದರೆ ಸಾಕು.

ಎರಡನೆಯ ದಿನ ಪಾಂಡವಪುರದ ಕಡೆಗೆ. ಹೈದರ್, ಟಿಪ್ಪು ಇವರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಕಾರಣ ಈ ಊರನ್ನು ಆಂಗ್ಲರು ಫ್ರೆಂಚ್ ರಾಕ್ಸ್ ಎಂದು ಕರೆದರು; ಜನ ಕರೆದದ್ದು ಹಿರೋಡೆ. ಕುಂತಿಬೆಟ್ಟದ ಬಂಡೆಗಳನ್ನು ನೋಡಿ, ತೊಣ್ಣೂರಿನ ವಿಶಾಲವಾದ ಕೆರೆಯ ಏರಿಯ ಮೇಲೆ ನಡೆದು, ಮೇಲುಕೋಟೆಯನ್ನು ಸೇರಬಹುದು. ರಾಮಾನುಜಾಚಾರ್ಯರು ಹನ್ನೆರಡು ವರ್ಷ ನೆಲೆಸಿದ್ದರೆಂದು ಸಂಪ್ರದಾಯ ಹೇಳುವ ಊರು ಅದು. ಕಲ್ಯಾಣಿ, ಚೆಲುವನಾರಾಯಣನ ಗುಡಿ, ಮೆಟ್ಟಿಲು ಹತ್ತಿದರೆ ಯೋಗನರಸಿಂಹ. ವೈರಮುಡಿಯ ಉತ್ಸವದಲ್ಲಿ ಸಹಸ್ರಾರು ಜನ ಸೇರುವ ಬೀದಿಗಳು ಉಳಿದ ದಿನಗಳಲ್ಲಿ ಮೌನವಾಗಿರುತ್ತವೆ. ಕವಿ ಪು.ತಿ. ನರಸಿಂಹಾಚಾರ್ 1905ರಲ್ಲಿ ಹುಟ್ಟಿದ್ದು ಇಲ್ಲಿಯೇ. ಪುಳಿಯೋಗರೆಯ ಪೊಟ್ಟಣ ಕಟ್ಟಿಸಿಕೊಳ್ಳದೆ ಗೃಹಿಣಿಯರು ಈ ಊರು ಬಿಡುವುದಿಲ್ಲ, ಬಿಡಲೂಬಾರದು.

ಹಿಂದಿರುಗುವಾಗ ಇದೇ ತಾಲ್ಲೂಕಿನ ಹೊಸ ಕನ್ನಂಬಾಡಿಗೆ ಹೋಗಿ ವೇಣುಗೋಪಾಲನ ಗುಡಿಯನ್ನು ನೋಡಬೇಕು. 1911ರಲ್ಲಿ ಕೃಷ್ಣರಾಜಸಾಗರದ ಕಾಮಗಾರಿ ಆರಂಭವಾಗಿ, ಏರಿ ಎದ್ದಂತೆ ಹಳೆಯ ಕನ್ನಂಬಾಡಿ ನೀರಿನಲ್ಲಿ ಮುಳುಗಿತು. ಮಂಡ್ಯದ ಬಯಲಿಗೆ ಕಬ್ಬು, ಭತ್ತ ಬಂದದ್ದು ಆ ನೀರಿನಿಂದ. ಅದಕ್ಕಾಗಿ ತಮ್ಮ ಮನೆ, ಹೊಲ, ದೇವರುಗಳನ್ನು ಬಿಟ್ಟೆದ್ದವರು ಆ ಹಳ್ಳಿಯವರು. ಹಿನ್ನೀರಿನಲ್ಲಿದ್ದ ಹೊಯ್ಸಳ ಗುಡಿಯ ಕಲ್ಲುಗಳನ್ನು ಬಿಚ್ಚಿ ತಂದು ಈಚಿನ ವರ್ಷಗಳಲ್ಲಿ ದಡದಲ್ಲಿ ಮತ್ತೆ ಜೋಡಿಸಲಾಗಿದೆ. ಶ್ರೀರಂಗಪಟ್ಟಣದಲ್ಲಿಯೂ ಇಂಥದೊಂದು ಸಾಹಸ ನಡೆದಿದೆ. ಜೋಡಿ ರೈಲುಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಮದ್ದಿನಮನೆಯನ್ನು ಕೆಡವದೆ, 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಗುಡಿಯಾಗಲಿ ಮದ್ದಿನಮನೆಯಾಗಲಿ, ಉಳಿಸಬೇಕೆಂಬ ಮನಸ್ಸಿದ್ದರೆ ಕಲ್ಲೂ ನಡೆದೀತು.

ಮೂರನೆಯ ದಿನ ಹೊಯ್ಸಳರಿಗೆ. ಕೃಷ್ಣರಾಜಪೇಟೆಗೆ ಸಮೀಪವಿರುವ ಹೊಸಹೊಳಲಿನ ಲಕ್ಷ್ಮೀನಾರಾಯಣನ ತ್ರಿಕೂಟ ದೇವಾಲಯದ ಗೋಡೆಯ ಮೇಲೆ ರಾಮಾಯಣ, ಮಹಾಭಾರತಗಳು ಸಾಲುಗಟ್ಟಿವೆ. ಕಿಕ್ಕೇರಿಯಲ್ಲಿ 1171ರ ಬ್ರಹ್ಮೇಶ್ವರ. ಗೋವಿಂದನಹಳ್ಳಿಯಲ್ಲಿ ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿ ನಿಂತ ಪಂಚಲಿಂಗೇಶ್ವರ. 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರಗಳು ಮಾತ್ರ. ಈ ಹಳ್ಳಿಯ ಗುಡಿಗಳಿಗೆ ಆ ಮನ್ನಣೆಯಿಲ್ಲ, ಜನಸಂದಣಿಯೂ ಇಲ್ಲ. ಶಿಲ್ಪದ ಮುಂದೆ ಮಕ್ಕಳು ಬೇಕಾದಷ್ಟು ಹೊತ್ತು ನಿಲ್ಲಬಹುದು. ‘ಮೈಸೂರ ಮಲ್ಲಿಗೆ’ಯ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ್ದು ಕಿಕ್ಕೇರಿಯಲ್ಲಿ. ವೃದ್ಧಾಪ್ಯದ ಅಮೆರಿಕಾ ಯಾತ್ರೆಯನ್ನು ಸೊಗಸಾಗಿ ಬರೆದ ಎ.ಎನ್. ಮೂರ್ತಿರಾವ್ ಇದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರು. ಅಲ್ಲಿಂದ ನಾಗಮಂಗಲಕ್ಕೆ ಹೋದರೆ ಸೌಮ್ಯಕೇಶವನ ಗುಡಿ. ಅದೇ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿ, ಊರಿಗೆ ಹೆಸರು ಕೊಟ್ಟ ಎತ್ತರದ ಬ್ರಹ್ಮದೇವರ ಕಂಬ. ಲೋಹದ ಎರಕಕ್ಕೆ ನಾಗಮಂಗಲ ಹೆಸರಾದ ಊರು. ವಿಗ್ರಹವೊಂದು ಅಚ್ಚಿನಿಂದ ಹೊರಬರುವುದನ್ನು ನೋಡುವ ಯೋಗ ದೊರೆತರೆ ಮಕ್ಕಳು ಅದನ್ನು ಬಹುಕಾಲ ಮರೆಯುವುದಿಲ್ಲ.

ಹೊರಡುವ ದಿನದ ಬೆಳಗು ರಂಗನತಿಟ್ಟಿಗೆ ಸಲ್ಲಬೇಕು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ರಕ್ಷಿತವಾದ ಈ ನಡುಗಡ್ಡೆಗಳಲ್ಲಿ ಕೊಕ್ಕರೆಗಳು ಮರಿ ಮಾಡುವಾಗ ದೋಣಿಯಲ್ಲಿ ಹೋಗಿ ನೋಡಬಹುದು. ಬಂಡೆಯ ಮೇಲೆ ಮೊಸಳೆ ಬಿಸಿಲು ಕಾಯುತ್ತಿರುತ್ತದೆ. ದೋಣಿಯಿಂದ ಕೈ ಚಾಚುವ ಮಕ್ಕಳನ್ನು ಹತ್ತಿರವೇ ಕೂರಿಸಿಕೊಳ್ಳುವುದು ಲೇಸು.

ಈ ಪ್ರವಾಸಕ್ಕೆ ಹೆಚ್ಚಿನ ಸಿದ್ಧತೆ ಬೇಡ. ನಡುಹಗಲಿನಲ್ಲಿ ಗುಡಿಗಳ ಬಾಗಿಲು ಹಾಕುವುದು ವಾಡಿಕೆಯಾದ್ದರಿಂದ ಬೆಳಗ್ಗೆ ಬೇಗ ಹೊರಡಬೇಕು. ಹಳ್ಳಿಗಳಲ್ಲಿ ಊಟದ ಹೋಟೆಲು ಸಿಕ್ಕೀತೆಂದು ನಂಬದೆ ಬುತ್ತಿ, ನೀರು ಜೊತೆಗಿಟ್ಟುಕೊಳ್ಳಬೇಕು.

ಶ್ರೀರಂಗಪಟ್ಟಣದ ಸ್ಮಾರಕಗಳು 2014ರಲ್ಲಿ ವಿಶ್ವಪರಂಪರೆಗೆ ನಮ್ಮ ದೇಶ ಸಲ್ಲಿಸಿದ ತಾತ್ಕಾಲಿಕ ಪಟ್ಟಿಯನ್ನು ಸೇರಿದವು. ಮನ್ನಣೆ ಬಂದಾಗ ಬರಲಿ. ಅದಕ್ಕಿಂತ ಮುಂಚೆ ಬರಬೇಕಾದವರು ನಾಡಿನ ಜನ. ಕೋಟೆಯೊಳಗೆ ಇಂದಿಗೂ ಸಂಸಾರಗಳಿವೆ. ಬಾಗಿಲಿಗೆ ರಂಗೋಲಿ ಇಡುವವರಿದ್ದಾರೆ, ಹೂವು ಕಟ್ಟಿ ಮಾರುವವರಿದ್ದಾರೆ. ಎರಡು ಗಂಟೆಯ ಅತಿಥಿಯಿಂದ ಅವರಿಗೆ ಉಳಿಯುವುದು ವಾಹನಗಳ ಧೂಳು. ಮೂರು ರಾತ್ರಿ ತಂಗುವವನು ಅವರ ಅಂಗಡಿಯಲ್ಲಿ ಕಾಫಿ ಕುಡಿಯುತ್ತಾನೆ, ದಾರಿ ಕೇಳುತ್ತಾನೆ, ಎರಡನೆಯ ದಿನ ಹೂವಾಡಗಿತ್ತಿ ಅವನ ಗುರುತು ಹಿಡಿಯುತ್ತಾಳೆ. ರಾಜಧಾನಿಯಾಗಿದ್ದ ಊರಿಗೆ ಅಷ್ಟು ಮರ್ಯಾದೆಯಾದರೂ ಸಲ್ಲಬೇಕು.