96 ಗಂಟೆಯ ಲೆಕ್ಕ ನಮಗೂ ಗೊತ್ತಿರಲಿ

ಶ್ರೀರಾಮನಗರ, ಗಂಗಾವತಿ, ಕಾರಟಗಿ ಸೀಮೆಯಿಂದ ಬಂದು ಹಾಸ್ಟೆಲುಗಳಲ್ಲಿ ಓದುತ್ತಿರುವ ನಿಮಗೆ ಈ ಮಾತು ಹೊಸದಲ್ಲ. ಭತ್ತಕ್ಕೆ ಔಷಧ ಹೊಡೆದ ಮಾರನೇ ದಿನ ಗದ್ದೆಯ ಬಸಿನೀರು ಹಳ್ಳಕ್ಕೆ ಇಳಿಯುತ್ತದೆ. ಹಳ್ಳದ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ಕೇರಿಯ ಮಕ್ಕಳು ಬುಟ್ಟಿ ಹಿಡಿದು ಓಡುತ್ತಾರೆ. ಹಿರಿಯರು ಯಾರಾದರೂ "ಬ್ಯಾಡ್ರೋ, ಔಷಧಕ್ಕ ಸತ್ತ ಮೀನು ಅವು" ಅಂದರೆ "ಕುದಿಸಿದ್ರ ಎಲ್ಲಾ ಹೋಗ್ತೈತಿ ಬಿಡು ಕಾಕಾ" ಎಂಬ ಉತ್ತರ ಬಾಯಲ್ಲೇ ಇರುತ್ತದೆ.

ಎಲ್ಲಾ ಹೋಗುತ್ತದೆ ಎಂದು ಹೇಳಿದವರು ಯಾರು? ಯಾರೂ ಹೇಳಿಲ್ಲ. ಹಸಿವು ಹೇಳಿತು, ನಾವು ನಂಬಿದೆವು.

ದಲಿತರ ಪತ್ರಿಕೆಗೆ ಮೀನಿನ ಉಸಾಬರಿ ಯಾಕೆ ಎಂದು ಕೆಲವರು ಕೇಳಬಹುದು. ಕೇಳಲಿ. 1927ರ ಮಾರ್ಚಿಯಲ್ಲಿ ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಅವರು ಮುಟ್ಟಿದ ನೀರು ಮೈಲಿಗೆ ಆಯಿತೆಂದು ಸವರ್ಣೀಯರು ಪಂಚಗವ್ಯ ಸುರಿದು 'ಶುದ್ಧ' ಮಾಡಿದರು. ನೀರು ಶುದ್ಧವೋ ಅಶುದ್ಧವೋ ಎಂದು ಹೇಳುವ ಅಧಿಕಾರ ಈ ದೇಶದಲ್ಲಿ ಯಾವತ್ತೂ ಪುರೋಹಿತರ ಕೈಯಲ್ಲಿ, ಊರ ಗೌಡರ ಕೈಯಲ್ಲಿ ಇತ್ತು. ಇವತ್ತು ಆ ಅಧಿಕಾರ ಪ್ರಯೋಗಾಲಯಕ್ಕೆ ಬಂದಿದೆ. ಪ್ರಯೋಗಾಲಯ ಜಾತಿ ಕೇಳುವುದಿಲ್ಲ, ಅದು ಒಳ್ಳೆಯದೇ. ಆದರೆ ಅದು ಬರೆಯುವ ಭಾಷೆ ನಮಗೆ ಓದಲು ಬರದಿದ್ದರೆ ಮತ್ತೆ ನಾವು ಹೊರಗೇ ನಿಂತ ಹಾಗೆ. ಆದ್ದರಿಂದ ಈ ಸಂಚಿಕೆಯಲ್ಲಿ ಒಂದು ಪರೀಕ್ಷೆಯ ಬಗ್ಗೆ ಬರೆಯುತ್ತಿದ್ದೇವೆ.

ಒಂದು ರಾಸಾಯನಿಕ ಸಿಹಿನೀರಿನ ಮೀನಿಗೆ ಎಷ್ಟು ವಿಷ ಎಂದು ಬೇಗ ತಿಳಿಯಲು ಮಾಡುವ ಪರೀಕ್ಷೆ ಇದು. ಶ್ರೀಮಂತ ದೇಶಗಳ ಒಕ್ಕೂಟವಾದ ಒ.ಇ.ಸಿ.ಡಿ. 1981ರಲ್ಲಿ ಇದಕ್ಕೆ ನಿಯಮ ಬರೆಯಿತು. 203ನೇ ನಂಬರಿನ ಈ ನಿಯಮವನ್ನು 1992ರಲ್ಲಿಯೂ 2019ರಲ್ಲಿಯೂ ತಿದ್ದಿದ್ದಾರೆ. ನಮ್ಮ ದೇಶದ ಪ್ರಯೋಗಾಲಯಗಳಲ್ಲಿ ರೋಹು, ಕಾಟ್ಲಾ, ಸಾಮಾನ್ಯ ಗೆಂಡೆ ಮೀನಿನ ಮರಿಗಳನ್ನು ಇಟ್ಟು ಇಂಥ ಪರೀಕ್ಷೆ ಮಾಡುತ್ತಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿಯೂ ಕೀಟನಾಶಕಗಳನ್ನು ಹೀಗೆ ಮೀನಿನ ಮೇಲೆ ಪರೀಕ್ಷಿಸಿದ್ದಾರೆ.

ಪರೀಕ್ಷೆ ಕಷ್ಟದ್ದಲ್ಲ, ಪಿ.ಯು.ಸಿ. ಓದಿದವರಿಗೆ ತಿಳಿಯುವಂಥದ್ದೇ. ಗಾಜಿನ ತೊಟ್ಟಿಗಳನ್ನು ಸಾಲಾಗಿ ಇಡುತ್ತಾರೆ. ಒಂದು ತೊಟ್ಟಿಯಲ್ಲಿ ಬರೀ ಶುದ್ಧ ನೀರು. ಉಳಿದ ಐದು ತೊಟ್ಟಿಗಳಲ್ಲಿ ಒಂದಕ್ಕಿಂತ ಒಂದರಲ್ಲಿ ಹೆಚ್ಚು ವಿಷ. ಪ್ರತಿ ತೊಟ್ಟಿಗೆ ಕನಿಷ್ಠ ಏಳು ಮೀನು. 24, 48, 72, 96 ಗಂಟೆಗೆ ಬಂದು ಸತ್ತವು ಎಷ್ಟು ಎಂದು ಎಣಿಸುತ್ತಾರೆ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ತೊಟ್ಟಿಗೆ ಹತ್ತು ಮೀನು. ಲೀಟರಿಗೆ 1 ಮಿಲಿಗ್ರಾಂ ಇದ್ದಲ್ಲಿ ಒಂದೂ ಸಾಯಲಿಲ್ಲ, 2 ಇದ್ದಲ್ಲಿ ಒಂದು ಸತ್ತಿತು, 4 ಇದ್ದಲ್ಲಿ ಐದು, 8 ಇದ್ದಲ್ಲಿ ಒಂಬತ್ತು, 16 ಇದ್ದಲ್ಲಿ ಎಲ್ಲವೂ. ಆಗ ಅರ್ಧ ಮೀನುಗಳನ್ನು ಕೊಲ್ಲುವ ಪ್ರಮಾಣ ಲೀಟರಿಗೆ 4 ಮಿಲಿಗ್ರಾಂ. ಇದನ್ನೇ ಎಲ್.ಸಿ. 50 ಎನ್ನುತ್ತಾರೆ. ಈ ಅಂಕಿ ಸಣ್ಣದಾದಷ್ಟೂ ವಿಷ ದೊಡ್ಡದು.

ಇನ್ನೊಂದು ಮಾತು ಗಮನಿಸಿ. ಪರೀಕ್ಷೆಯ ಮೀನಿಗೆ ನಿಯಮವಿದೆ. ನೀರಿನಲ್ಲಿ ಪ್ರಾಣವಾಯು ಇಂತಿಷ್ಟಕ್ಕಿಂತ ಕಡಿಮೆ ಆಗಬಾರದು. ಬಿಸಿ ಏರುಪೇರಾಗಬಾರದು. ಬೆಳಕು ಇಂತಿಷ್ಟು ಗಂಟೆ ಇರಬೇಕು. ಶುದ್ಧ ನೀರಿನ ತೊಟ್ಟಿಯಲ್ಲಿ ಹತ್ತಕ್ಕೆ ಒಂದಕ್ಕಿಂತ ಹೆಚ್ಚು ಮೀನು ಸತ್ತರೆ ಇಡೀ ಪರೀಕ್ಷೆಯೇ ರದ್ದು, ಮತ್ತೆ ಮೊದಲಿನಿಂದ ಮಾಡಬೇಕು. ಇನ್ನು ಬದುಕಲಾರದೆ ನರಳುವ ಮೀನನ್ನು ಆ ಹಿಂಸೆಯಿಂದ ಬಿಡಿಸಬೇಕು ಎಂಬ ಕಾಳಜಿಯೂ ಅಲ್ಲಿದೆ. ಇರಲಿ, ಇರಬೇಕಾದದ್ದೇ. ನಾವು ಕೇಳುವುದು ಇಷ್ಟೇ: ಬೆನ್ನಿಗೆ ಪಂಪು ಕಟ್ಟಿಕೊಂಡು ಬರಿಗಾಲಲ್ಲಿ, ಬರಿಮೈಯಲ್ಲಿ, ಸುಡುಬಿಸಿಲಲ್ಲಿ ಔಷಧ ಹೊಡೆಯುವ ನಮ್ಮ ಅಣ್ಣಂದಿರ ಪಕ್ಕದಲ್ಲಿ ಗಡಿಯಾರ ಹಿಡಿದು ನಿಂತವರು ಯಾರು? ಮೊಣಕಾಲ ಮಟ ಆ ನೀರಿನಲ್ಲೇ ಬಗ್ಗಿ ಕಳೆ ಕೀಳುವ ನಮ್ಮ ಅವ್ವಂದಿರ 24 ಗಂಟೆ, 48 ಗಂಟೆಯ ಲೆಕ್ಕ ಬರೆದುಕೊಂಡವರು ಯಾರು? 1971ರ ಕೀಟನಾಶಕ ನಿಯಮಗಳಲ್ಲಿ ಔಷಧ ಮುಟ್ಟುವ ಕೆಲಸಗಾರನಿಗೆ ಕೈಗವಸು, ಮುಖವಾಡ, ರಕ್ಷಣೆಯ ಉಡುಪು ಬೇಕೆಂದು ಬರೆದಿದೆ. ನಮ್ಮ ಗದ್ದೆಗಳಲ್ಲಿ ಒಂದು ಹಳೇ ಟವೆಲ್ಲು ಮೂಗಿಗೆ ಕಟ್ಟಿದರೆ ಅದೇ ರಕ್ಷಣೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮಲ್ಲಿ ಎರಡು ತಪ್ಪು ನಂಬಿಕೆಗಳಿವೆ.

ಮೊದಲನೆಯದು, ಡಬ್ಬಿಯ ಮೇಲಿನ ಬಣ್ಣ ನೋಡಿದರೆ ಎಲ್ಲಾ ತಿಳಿಯಿತು ಎಂಬುದು. ಕೆಂಪು, ಹಳದಿ, ನೀಲಿ, ಹಸಿರು ಎಂದು ನಾಲ್ಕು ಬಣ್ಣದ ಗುರುತುಗಳಿವೆ. ಕೆಂಪು ಎಂದರೆ ಅತಿ ಹೆಚ್ಚು ವಿಷ. ಆದರೆ ಈ ಬಣ್ಣ ಗೊತ್ತುಮಾಡುವುದು ಮೀನನ್ನು ನೋಡಿ ಅಲ್ಲ, ಇಲಿಯಂಥ ಪ್ರಾಣಿಗೆ ವಿಷ ತಿನ್ನಿಸಿ. ಸೈಪರ್ಮೆಥ್ರಿನ್ ಔಷಧಕ್ಕೆ ಕೆಂಪು ಗುರುತಿಲ್ಲ. ಆದರೆ ಮೀನಿಗೆ ಅದು ಯಮ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಸಾಕು. ಒಂದು ಮೈಕ್ರೋಗ್ರಾಂ ಎಂದರೆ ಮಿಲಿಗ್ರಾಮಿನ ಸಾವಿರದಲ್ಲಿ ಒಂದು ಪಾಲು. ಶೇಕಡಾ 10ರ ಸೈಪರ್ಮೆಥ್ರಿನ್ ಕಾಲು ಲೀಟರಿನ ಡಬ್ಬಿಯಲ್ಲಿ ಸುಮಾರು 25 ಗ್ರಾಂ ವಿಷ ಇರುತ್ತದೆ. ಕಾಗದದ ಲೆಕ್ಕದಲ್ಲಿ ಅಷ್ಟು ವಿಷ 50 ಲಕ್ಷ ಲೀಟರ್ ನೀರಿಗೆ ಬೆರೆತರೆ ಲೀಟರಿಗೆ 5 ಮೈಕ್ರೋಗ್ರಾಂ ಆಗುತ್ತದೆ. ಹಳ್ಳದಲ್ಲಿ ಅಷ್ಟೂ ನೀರಿನಲ್ಲೇ ಉಳಿಯುವುದಿಲ್ಲ, ಬಹಳಷ್ಟು ಕೆಸರಿಗೆ ಅಂಟುತ್ತದೆ. ಆದರೂ ಪಂಪು ತೊಳೆದ ನೀರನ್ನು ಉಪಕಾಲುವೆಗೆ ಚೆಲ್ಲುವವನು ಏನು ಮಾಡುತ್ತಿದ್ದಾನೆಂದು ಈ ಲೆಕ್ಕ ಹೇಳುತ್ತದೆ.

ಎರಡನೆಯದು ಇನ್ನೂ ಅಪಾಯದ್ದು. "ಮೀನು ಬದುಕೈತಿ, ನೀರಿಗೇನೂ ಆಗಿಲ್ಲ" ಎನ್ನುವ ಮಾತು. ಮೊನೊಕ್ರೊಟೊಫಾಸ್ ತೆಗೆದುಕೊಳ್ಳಿ. ಕೆಂಪು ಗುರುತಿನ ಔಷಧ. ಮನುಷ್ಯನ ನರಗಳನ್ನು ಹಿಡಿಯುತ್ತದೆ. ಹಕ್ಕಿಗಳಿಗೆ ಘೋರ ವಿಷ. ಆದರೆ ಮೀನು ಸಾಯಬೇಕಾದರೆ ಸೈಪರ್ಮೆಥ್ರಿನ್ನಿಗಿಂತ ನೂರಾರು ಪಟ್ಟು ಹೆಚ್ಚು ಬೇಕು. ಅಂದರೆ ಮೀನು ಈಜಾಡುತ್ತಿರುವ ನೀರಿನಲ್ಲೂ ಮನುಷ್ಯನಿಗೆ ಕೇಡು ಮಾಡುವ ವಿಷ ಇರಬಹುದು. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಡಿಗೆಯಲ್ಲಿ ಸಿಕ್ಕಿದ್ದು ಇದೇ ಮೊನೊಕ್ರೊಟೊಫಾಸ್. ಹಾಸ್ಟೆಲಿನ ತಟ್ಟೆಯ ಮುಂದೆ ಕೂರುವ ನಾವು ಇದನ್ನು ಮರೆಯಬಾರದು. ಮೊನೊಕ್ರೊಟೊಫಾಸ್ 36 ಎಸ್.ಎಲ್. ಔಷಧವನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2023ರಲ್ಲಿ. 23 ಮಕ್ಕಳು ಮಣ್ಣಾಗಿ ಹತ್ತು ವರ್ಷ ಆದ ಮೇಲೆ.

ಹಾಗಾದರೆ ಮೀನಿನ ಪರೀಕ್ಷೆ ಸುಳ್ಳೇ? ಸುಳ್ಳಲ್ಲ. ಅದು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡುತ್ತದೆ. ಪ್ರಶ್ನೆಯೇ ಸಣ್ಣದು. ಒಂದು ವಿಷ, ಒಂದು ಜಾತಿಯ ಮೀನು, ನಾಲ್ಕು ದಿನ. ಐದನೇ ದಿನ ಏನಾಯಿತು ಎಂದು ಅದು ಹೇಳುವುದಿಲ್ಲ. ಬದುಕಿ ಉಳಿದ ಅರ್ಧ ಮೀನುಗಳು ಮೊಟ್ಟೆ ಇಟ್ಟವೋ ಇಲ್ಲವೋ ಹೇಳುವುದಿಲ್ಲ. ನಮ್ಮ ಸೀಮೆಯಲ್ಲಿ ಎರಡು ಮೂರು ಔಷಧ ಒಂದೇ ಪಂಪಿಗೆ ಸುರಿದು ಹೊಡೆಯುತ್ತಾರಲ್ಲ, ಆ ಬೆರಕೆ ವಿಷದ ಬಗ್ಗೆಯೂ ಹೇಳುವುದಿಲ್ಲ. ಎಂಡೋಸಲ್ಫಾನ್ ಮೀನಿಗೆ ಲೀಟರಿಗೆ ಕೆಲವೇ ಮೈಕ್ರೋಗ್ರಾಮಿನಲ್ಲಿ ಸಾವು ಎಂದು ಪ್ರಯೋಗಾಲಯಗಳು ಬಹಳ ಹಿಂದೆಯೇ ಹೇಳಿದ್ದವು. ಆದರೂ ಕಾಸರಗೋಡಿನ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟು ತಡೆಯುವ ತನಕ ಬೇರೆ ಕಡೆ ಅಂಗಡಿಗಳಲ್ಲಿ ಮಾರುತ್ತಲೇ ಇದ್ದರು. ಅಂಕಿ ಪುಸ್ತಕದಲ್ಲಿತ್ತು, ವಿಷ ಜನರ ಮೈಮೇಲೆ ಬಿತ್ತು. ಅಂಕಿಗೆ ಕೈಕಾಲಿಲ್ಲ ಗೆಳೆಯರೇ, ಅದನ್ನು ಹಿಡಿದು ನಡೆಯುವ ಜನ ಬೇಕು.

ಹಾಗೆ ನಡೆದವರೂ ಇದ್ದಾರೆ. ಇದೇ ತುಂಗಭದ್ರೆಯ ಮೇಲ್ಭಾಗದಲ್ಲಿ, ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಹೊರಗೆ ಬಿಡುತ್ತಿದ್ದ ಕೊಳೆನೀರಿನ ವಿರುದ್ಧ 1980ರ ದಶಕದಲ್ಲಿ ನದಿ ದಂಡೆಯ ಹಳ್ಳಿಗಳು ಎದ್ದು ನಿಂತವು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅವರ ಜೊತೆ ನಿಂತಿತು. ಸತ್ತು ತೇಲಿದ ಮೀನೇ ಅಲ್ಲಿ ಮೊದಲ ಸಾಕ್ಷಿ. ಆ ನೀರೇ ಮುಂದೆ ಡ್ಯಾಮಿಗೆ ಬಂದು, ಎಡದಂಡೆ ಕಾಲುವೆಯಲ್ಲಿ ಹರಿದು ನಮ್ಮ ಊರಿಗೆ ಮುಟ್ಟುವುದು.

ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. 1970ರ ದಶಕದಲ್ಲಿ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ದಲಿತ ಕೂಲಿಕಾರರು ಸೊಂಟ, ಮೊಣಕಾಲು ಹಿಡಿದು ನಡೆಯಲಾರದೆ ಕುಸಿದರು. ಗದ್ದೆಗೆ ಹೊಡೆದ ವಿಷವು ಅವರು ತಿಂದ ಏಡಿ, ಮೀನಿನಿಂದ ಬಂತೆಂಬ ಸಂಶಯ ಆಗ ಬಲವಾಗಿ ಎದ್ದಿತು. ಮುಂದಿನ ವೈದ್ಯಕೀಯ ಅಧ್ಯಯನಗಳು ಇದು ಮೂಳೆ ಕೀಲುಗಳ ವಂಶಪಾರಂಪರ್ಯ ಕಾಯಿಲೆ ಎಂದು ಹೇಳಿದವು. ನಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಸಿಟ್ಟು ಸಾಕ್ಷಿ ಅಲ್ಲ. ಹಳ್ಳದಲ್ಲಿ ಮೀನು ಸತ್ತರೆ ಔಷಧವೇ ಕಾರಣ ಎಂದು ಕಣ್ಣು ಮುಚ್ಚಿ ಹೇಳುವ ಹಾಗಿಲ್ಲ. ನಿಂತ ನೀರಿನಲ್ಲಿ ನಸುಕಿನ ಹೊತ್ತಿಗೆ ಪ್ರಾಣವಾಯು ಕಡಿಮೆಯಾಗಿಯೂ ಮೀನು ಸಾಯುತ್ತವೆ. ಎದುರಿನವನು ಇದನ್ನೇ ಹಿಡಿದು ನಮ್ಮ ಬಾಯಿ ಮುಚ್ಚಿಸುತ್ತಾನೆ. ಆದ್ದರಿಂದ ಅವನಿಗಿಂತ ಮೊದಲು ನಾವೇ ತಿಳಿದಿರಬೇಕು.

ನಮ್ಮವರ ತಪ್ಪನ್ನೂ ಮುಚ್ಚಿಡುವುದು ಬೇಡ. ಮಡುವಿಗೆ ಔಷಧ ಹಾಕಿ ಮೀನು ಹಿಡಿಯುವವರು ನಮ್ಮಲ್ಲೂ ಇದ್ದಾರೆ. ಖಾಲಿ ಡಬ್ಬಿ ತೊಳೆದು ಮನೆಯಲ್ಲಿ ಎಣ್ಣೆ, ಉಪ್ಪು ತುಂಬುವವರೂ ಇದ್ದಾರೆ. ಇದು ಬಡತನ ಹೌದು. ಆದರೆ ಗೊತ್ತಿದ್ದೂ ಸುಮ್ಮನಿರುವ ಓದಿದ ಹುಡುಗನದು ಬಡತನ ಅಲ್ಲ, ಸೋಮಾರಿತನ.

ಈ ರಜೆಗೆ ಊರಿಗೆ ಹೋದಾಗ ಇಷ್ಟು ಮಾಡಿ. ಔಷಧದ ಡಬ್ಬಿಯ ಜೊತೆ ಬರುವ ಚೀಟಿ ಓದಿ, ಅಪ್ಪ ಅವ್ವನಿಗೆ ಓದಿ ಹೇಳಿ. ಚೀಟಿ ಸ್ಥಳೀಯ ಭಾಷೆಯಲ್ಲಿಯೂ ಇರಬೇಕೆಂದು ನಿಯಮವಿದೆ. ಕನ್ನಡದಲ್ಲಿ ಇಲ್ಲದಿದ್ದರೆ ಅಂಗಡಿಯವನನ್ನು ಕೇಳಿ, ಕೃಷಿ ಇಲಾಖೆಗೆ ಬರೆದು ಕೊಡಿ. ಪಂಪನ್ನು ಕಾಲುವೆಯಲ್ಲಿ, ಹಳ್ಳದಲ್ಲಿ ತೊಳೆಯಲು ಬಿಡಬೇಡಿ. ಮೀನು ಸತ್ತು ತೇಲಿದರೆ ತಿನ್ನಬೇಡಿ, ಮಾರಬೇಡಿ. ದಿನ, ಹೊತ್ತು, ಜಾಗ, ಯಾವ ಮೀನು, ಎಷ್ಟು, ಅಕ್ಕಪಕ್ಕದ ಗದ್ದೆಗೆ ಏನು ಹೊಡೆದಿದ್ದರು, ಎಲ್ಲಾ ಬರೆದಿಡಿ. ಶುದ್ಧ ಗಾಜಿನ ಬಾಟಲಿಯಲ್ಲಿ ನೀರು ಹಿಡಿದು, ತಂಪಾಗಿಟ್ಟು, ಅದೇ ದಿನ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಸಮೇತ ಮುಟ್ಟಿಸಿ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕದ ಉಳಿಕೆ ಪತ್ತೆ ಹಚ್ಚುವ ಪ್ರಯೋಗಾಲಯವಿದೆ. ಅದು ಜನರ ತೆರಿಗೆಯಿಂದ ನಡೆಯುವುದು, ಅದರ ಬಾಗಿಲು ತಟ್ಟಲು ಹಿಂಜರಿಯಬೇಡಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆ ಇದೆ. ದಲಿತರು ಬಳಸುವ ನೀರಿನ ನೆಲೆಯನ್ನು ಬಳಕೆಗೆ ಬಾರದಂತೆ ಕೆಡಿಸುವುದು 1989ರ ದೌರ್ಜನ್ಯ ತಡೆ ಕಾಯಿದೆಯಲ್ಲಿ ಅಪರಾಧ ಎಂಬುದನ್ನೂ ನೆನಪಿಡಿ.

ಕೊನೆಯದಾಗಿ ವಿಜ್ಞಾನ ಓದುವ ತಮ್ಮಂದಿರಿಗೆ, ತಂಗಿಯರಿಗೆ ಒಂದು ಮಾತು. "ನಮ್ಮ ಹುಡುಗರಿಗೆ ಸೈನ್ಸ್ ಬರೋದಿಲ್ಲ, ಆರ್ಟ್ಸ್ ತಗೋ" ಎಂದು ನಿಮಗೆ ಹೇಳುವವರು ಬಹಳ ಮಂದಿ. ಕೇಳಬೇಡಿ. ಆ ಗಾಜಿನ ತೊಟ್ಟಿಯ ಮುಂದೆ ಪೆನ್ನು ಹಿಡಿದು ಕೂರುವ ಜಾಗದಲ್ಲಿ ನಮ್ಮ ಕೇರಿಯವರು ಕೂರಬೇಕು. ಆಗ ಪ್ರಶ್ನೆ ನಾಲ್ಕು ದಿನಕ್ಕೆ ನಿಲ್ಲುವುದಿಲ್ಲ. ನಲವತ್ತು ವರ್ಷ ಆ ನೀರಿನಲ್ಲಿ ಕಾಲಿಟ್ಟವಳ ಮಗ ಕೇಳುವ ಪ್ರಶ್ನೆ ಬೇರೆಯೇ ಇರುತ್ತದೆ.

ನೀರು ಮುಟ್ಟುವ ಹಕ್ಕಿಗಾಗಿ ನಮ್ಮ ಹಿರಿಯರು ಹೊಡೆತ ತಿಂದರು. ಆ ನೀರಿನಲ್ಲಿ ಏನಿದೆ ಎಂದು ಕೇಳುವ ಹಕ್ಕು ನಮ್ಮ ಪಾಲಿಗೆ ಬಂದಿದೆ. ಕೇಳೋಣ.

ಜೈ ಭೀಮ್.