ನೀರಿನ ಹುಲಿಗಳು

ಕೊಪ್ಪಳ ಜಿಲ್ಲೆಯ ಹುಲಿಹೈದರದ ಹೆಸರಿನಲ್ಲಿ ಹುಲಿಯುಂಟು. ಸುತ್ತಣ ಸೀಮೆಯಲ್ಲಿ ಇಂದು ಹುಲಿಯಿಲ್ಲ. ಹುಲಿಯು ಅಳಿದರೆ ಕಾಡಿನ ಸಮತೋಲವು ಕೆಡುವುದೆಂಬ ಮಾತನ್ನು ಈಗ ಹಳ್ಳಿಯ ಹಿರಿಯರೂ ಶಾಲೆಯ ಮಕ್ಕಳೂ ಒಪ್ಪುತ್ತಾರೆ. ಆದರೆ ನೀರಿನಲ್ಲಿ ಬೇಟೆಯಾಡಿ ಬದುಕುವ ಪ್ರಾಣಿಗಳ ವಿಷಯದಲ್ಲಿ ಜನರ ಮನಸ್ಸು ಇಷ್ಟು ಉದಾರವಾಗಿಲ್ಲ. ಅವುಗಳನ್ನು ಕಳ್ಳರೆಂದೋ ಕೊಲೆಗಡುಕರೆಂದೋ ಎಣಿಸುವವರೇ ಹೆಚ್ಚು.

ಕರಾವಳಿಯವರು ತಾಟೆಯೆಂದು ಕರೆಯುವ ಶಾರ್ಕ್ ಮೀನು ಇದಕ್ಕೆ ಒಳ್ಳೆಯ ನಿದರ್ಶನ. ಇಡೀ ಜಗತ್ತಿನಲ್ಲಿ ವರ್ಷವೊಂದಕ್ಕೆ ಶಾರ್ಕಿನಿಂದ ಸಾಯುವ ಮನುಷ್ಯರು ಬೆರಳೆಣಿಕೆಯಷ್ಟು. ಮನುಷ್ಯನಿಂದ ಸಾಯುವ ಶಾರ್ಕುಗಳು ಕೋಟಿಗಟ್ಟಲೆ. ರೆಕ್ಕೆಯ ಸಾರಿನ ಆಸೆಗಾಗಿ, ರೆಕ್ಕೆಯನ್ನಷ್ಟೇ ಕೊಯ್ದುಕೊಂಡು ಉಳಿದ ಮೈಯನ್ನು ಕಡಲಿಗೆ ಎಸೆಯುವ ಕ್ರೌರ್ಯವೂ ನಡೆದಿದೆ. ಶಾರ್ಕ್ ತಡವಾಗಿ ಪ್ರಾಯಕ್ಕೆ ಬರುವ, ಸಾಮಾನ್ಯವಾಗಿ ಕೆಲವೇ ಮರಿಗಳನ್ನು ಹಾಕುವ ಜೀವಿ. ಆದುದರಿಂದ ಕಳೆದುಹೋದುದು ಬೇಗನೆ ತುಂಬಿಬರುವುದಿಲ್ಲ. 1970ರಿಂದೀಚೆಗೆ ತೆರೆದ ಸಾಗರದ ಶಾರ್ಕ್ ಮತ್ತು ತೊರಕೆ ಮೀನುಗಳ ಸಂಖ್ಯೆಯು ಶೇಕಡ 71ರಷ್ಟು ಕುಸಿದಿದೆಯೆಂದು 2021ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.

ಬೇಟೆಗಾರನು ಅಳಿದರೆ ನೀರಿಗೆ ಏನಾಗುತ್ತದೆ? ಇದಕ್ಕೆ ಉತ್ತರವನ್ನು ಕಡಲ ನೀರುನಾಯಿಯ ಕಥೆ ಹೇಳುತ್ತದೆ. ಪೆಸಿಫಿಕ್ ಸಾಗರದ ಉತ್ತರ ತೀರಗಳಲ್ಲಿ ಈ ಪ್ರಾಣಿಯನ್ನು ಮೆತ್ತನೆಯ ತುಪ್ಪಳಕ್ಕಾಗಿ ನೂರೈವತ್ತು ವರ್ಷಗಳಿಗೂ ಮಿಗಿಲಾಗಿ ಬೇಟೆಯಾಡಲಾಯಿತು. 1911ರಲ್ಲಿ ನಾಲ್ಕು ರಾಷ್ಟ್ರಗಳು ಒಪ್ಪಂದ ಮಾಡಿಕೊಂಡು ಬೇಟೆಯನ್ನು ತಡೆಯುವ ವೇಳೆಗೆ ಅದು ನಿರ್ನಾಮದ ಅಂಚಿಗೆ ಬಂದಿತ್ತು. ನೀರುನಾಯಿ ಇಲ್ಲದಾದೆಡೆಗಳಲ್ಲಿ ಅದರ ಆಹಾರವಾಗಿದ್ದ, ಚೆಂಡಿನಂತೆ ದುಂಡಗಿದ್ದು ಮೈತುಂಬ ಮುಳ್ಳಿರುವ ಒಂದು ಕಡಲಜೀವಿಯು ಮಿತಿಮೀರಿ ಬೆಳೆಯಿತು. ಅದು ಕಡಲತಳದ ದೈತ್ಯ ಪಾಚಿಯ ವನಗಳನ್ನು ಬುಡಸಹಿತ ಮೇಯ್ದುಬಿಟ್ಟಿತು. ಆ ವನಗಳಲ್ಲಿ ಆಶ್ರಯ ಪಡೆದಿದ್ದ ಮೀನುಗಳಿಗೆ ನೆಲೆ ತಪ್ಪಿತು. ನೀರುನಾಯಿ ಮರಳಿದೆಡೆಗಳಲ್ಲಿ ಪಾಚಿಯ ವನವೂ ಮರಳಿತು.

ಕಡಲಿನಿಂದ ಬಹುದೂರವಿರುವ ಕೊಪ್ಪಳ ಸೀಮೆಗೂ ಈ ಮಾತು ಸಲ್ಲುತ್ತದೆ. ಇಲ್ಲಿನ ತುಂಗಭದ್ರೆಯಲ್ಲಿ ನೀರುನಾಯಿಯ ಇನ್ನೊಂದು ಬಗೆ ವಾಸವಾಗಿದೆ. ನುಣುಪಾದ ಮೈ, ಚಪ್ಪಟೆಯಾದ ಬಾಲ, ಬೆರಳುಗಳ ನಡುವೆ ತೊಗಲಿನ ಪೊರೆ. ಸಂಸಾರ ಸಮೇತವಾಗಿ ಮೀನನ್ನು ಅಟ್ಟಿಕೊಂಡು ಹೋಗುವ ಅದರ ಚಾತುರ್ಯವನ್ನು ಆನೆಗೊಂದಿಯ ಬಂಡೆಗಳ ಮೇಲೆ ಕುಳಿತು ನೋಡಿದವರು ಸುಲಭವಾಗಿ ಮರೆಯಲಾರರು. ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹರಿವನ್ನು ಸರ್ಕಾರವು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ನೀರುನಾಯಿಗಾಗಿಯೇ ಇಂಥದೊಂದು ಮೀಸಲು ದೇಶದಲ್ಲಿ ಅದೇ ಮೊದಲನೆಯದು.

ಘೋಷಣೆಯಿಂದ ನದಿಗೆ ಮರ್ಯಾದೆ ಬಂದಿತು, ನಿಜ. ಆದರೆ ರಾತ್ರಿ ಹರಿಗೋಲು ಹಾಕಿ ಬಲೆ ಬಿಟ್ಟು, ಬೆಳಗ್ಗೆ ಹರಿದ ಬಲೆಯನ್ನು ಎಳೆದುಕೊಳ್ಳುವ ಬೆಸ್ತನಿಗೆ ಆ ಮರ್ಯಾದೆಯಿಂದ ಹೊಟ್ಟೆ ತುಂಬುವುದಿಲ್ಲ. ಬಲೆಗೆ ಬಿದ್ದ ಮೀನನ್ನು ನೀರುನಾಯಿ ಕಿತ್ತು ತಿನ್ನುವುದೆಂಬ ಅವನ ದೂರು ಸುಳ್ಳಲ್ಲ. ಹಾಗೆಂದು ಮೀನು ಕಡಿಮೆಯಾದುದಕ್ಕೆಲ್ಲ ನೀರುನಾಯಿಯನ್ನೇ ಹೊಣೆ ಮಾಡುವುದು ಸರಿಯೂ ಅಲ್ಲ. ಬೆಸ್ತನೂ ನೀರುನಾಯಿಯೂ ಈ ಹೊಳೆಯಲ್ಲಿ ತಲೆತಲಾಂತರದಿಂದ ಜೊತೆಯಲ್ಲೇ ಬದುಕಿದವರು. ಹೊಸದಾಗಿ ಬಂದುದು ಸಿಡಿಮದ್ದು. ಹೊಸದಾಗಿ ಬಂದುದು ದಂಡೆಯ ಮರಳನ್ನು ಬಗೆದು ಸಾಗಿಸುವ ದುರಾಸೆ. ನೀರುನಾಯಿಯು ಹಸಿದಷ್ಟನ್ನು ತಿನ್ನುತ್ತದೆ. ಮಡುವಿನಲ್ಲಿ ಸಿಡಿದ ಮದ್ದು ಮರಿಯನ್ನೂ ಮೊಟ್ಟೆಯನ್ನೂ ಬಿಡುವುದಿಲ್ಲ. ಮರಳಿನ ದಂಡೆ ಹೋದರೆ ನೀರುನಾಯಿಗೆ ಮೈಯೊರಸಿಕೊಳ್ಳಲು, ಮರಿಗಳನ್ನು ಅಡಗಿಸಿಡಲು ತಾವಿರುವುದಿಲ್ಲ. ಇವೆರಡನ್ನು ತಡೆಯದೆ ಬೆಸ್ತನೊಬ್ಬನಿಗೇ ಕಾನೂನಿನ ಪಾಠ ಹೇಳುವುದು ನ್ಯಾಯವಲ್ಲ.

ಈ ವಿಷಯದಲ್ಲಿ ಗುಜರಾತಿನ ಮೀನುಗಾರರಿಂದ ಕಲಿಯಬೇಕಾದುದಿದೆ. ಸೌರಾಷ್ಟ್ರದ ತೀರಕ್ಕೆ ಬರುವ ತಿಮಿಂಗಿಲ ಶಾರ್ಕನ್ನು ಮಾಂಸಕ್ಕಾಗಿಯೂ, ದೋಣಿಗೆ ಬಳಿಯುವ ಯಕೃತ್ತಿನ ಎಣ್ಣೆಗಾಗಿಯೂ ಕೊಲ್ಲುವ ವಾಡಿಕೆಯಿತ್ತು. ಮೀನುಗಳಲ್ಲೆಲ್ಲ ಅತಿ ದೊಡ್ಡದಾದ ಇದು ತಿನ್ನುವುದು ಮುಖ್ಯವಾಗಿ ತೀರ ಸಣ್ಣ ಜೀವಿಗಳನ್ನು! 2001ರಲ್ಲಿ ಕಾನೂನು ಅದಕ್ಕೆ ರಕ್ಷಣೆ ನೀಡಿತು. 2004ರಲ್ಲಿ ಆರಂಭವಾದ ಆಂದೋಲನದಲ್ಲಿ ಕಥಾವಾಚಕರಾದ ಮೊರಾರಿ ಬಾಪು ಅವರು ಆ ಮೀನನ್ನು ಹೆರಿಗೆಗಾಗಿ ತವರಿಗೆ ಬರುವ ಮಗಳಿಗೆ ಹೋಲಿಸಿದರು. ಆ ಹೋಲಿಕೆ ಬೆಸ್ತರ ಎದೆಗೆ ತಟ್ಟಿತು. ಅಂದಿನಿಂದ ಅವರು ತಮ್ಮ ಬಲೆಗಳನ್ನು ತಾವೇ ಕತ್ತರಿಸಿ ನೂರಾರು ತಿಮಿಂಗಿಲ ಶಾರ್ಕುಗಳನ್ನು ಕಡಲಿಗೆ ಬಿಟ್ಟಿದ್ದಾರೆ. ಮಾತಿನ ಜೊತೆಗೆ ಹಣವೂ ಬಂದಿತೆಂಬುದನ್ನು ಮರೆಯಬಾರದು: ಕತ್ತರಿಸಿದ ಬಲೆಗೆ ಅಲ್ಲಿನ ಅರಣ್ಯ ಇಲಾಖೆಯು ಪರಿಹಾರ ಕೊಡುತ್ತದೆ.

ತುಂಗಭದ್ರೆಯ ದಂಡೆಯಲ್ಲಿಯೂ ಬಲೆಯ ಲೆಕ್ಕ ಹೀಗೆಯೇ ನಡೆಯಬೇಕು. ಹೊಳೆಯ ಮಡುಗಳನ್ನೂ ನೀರುನಾಯಿಯ ಬಿಲಗಳನ್ನೂ ಬೆಸ್ತರ ಹುಡುಗರಷ್ಟು ಬಲ್ಲವರಾರು? ಕಾವಲಿನ ಕೆಲಸಕ್ಕೆ ಮೊದಲು ಅವರನ್ನೇ ಕರೆಯಬೇಕು. ಹರಿದ ಬಲೆಗೆ ಕೊಡುವ ನೆರವು ಮುಂದಿನ ಬಲೆ ಬೀಸುವ ಮೊದಲೇ ಕೈಸೇರಬೇಕು. ನೂರು ರೂಪಾಯಿಯ ನೆರವಿಗೆ ಹತ್ತು ಬಾರಿ ಕಚೇರಿಗೆ ಅಲೆಯಿಸಿದರೆ, ಬೆಸ್ತನು ಬಲೆಯನ್ನು ತಾನೇ ಹೊಲಿದುಕೊಂಡು, ನೀರುನಾಯಿಯ ಮೇಲಿನ ಸಿಟ್ಟನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳುವನು.