‘ಎಲ್ಲರೂ ತಿನ್ನೋ ಹಾಗಿರಲಿ’

ಹೋದ ವರ್ಷ ಮಗಳಿಗೆ ಹತ್ತು ತುಂಬಿತು. ಪಾರ್ಟಿ ಹಾಲ್ ಗೀರ್ಟಿ ಹಾಲ್ ಏನೂ ಬೇಡ, ಮನೆಯಲ್ಲೇ ಮಾಡೋಣ, ಕೇಕು ನಾನೇ ಬೇಯಿಸುತ್ತೇನೆ ಅಂದುಕೊಂಡೆ. ಅಪಾರ್ಟ್‌ಮೆಂಟಿನ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಆಹ್ವಾನ ಹಾಕಿ ಐದು ನಿಮಿಷವಾಗಿರಲಿಲ್ಲ, ಮೊದಲ ಉತ್ತರ ಬಂತು. ಮಗುವಿಗೆ ಹಾರೈಕೆ ಅಂದುಕೊಂಡು ತೆರೆದರೆ ಪ್ರಶ್ನೆ: “ಎಗ್‌ಲೆಸ್ ತಾನೇ?” ಅದರ ಕೆಳಗೆ ಇನ್ನೊಬ್ಬರು, “ಹೌದು, ಎಲ್ಲರೂ ತಿನ್ನೋ ಹಾಗಿರಲಿ.” ಆ ಮಾತಿಗೆ ಏಳು ಹೆಬ್ಬೆರಳು ಬಿದ್ದವು. ಎಂಟನೆಯದನ್ನು ನಾನೇ ಒತ್ತಿದೆ.

ಹುಟ್ಟುಹಬ್ಬದ ಬೆಳಿಗ್ಗೆ ಮದ್ದೂರಿನ ಕಡೆಯ ನಮ್ಮೂರಿಂದ ಅವ್ವ ಬಂದಳು. ಮೊಮ್ಮಗಳಿಗೆ ಇಷ್ಟ ಅಂತ ನಾಟಿಕೋಳಿ ಸಾರು ಮಾಡಿ, ಡಬ್ಬಿಗೆ ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಮಧ್ಯಾಹ್ನ ಎಲ್ಲರೂ ಮುದ್ದೆ ಮುರಿದು ಉಂಡೆವು. ಸಂಜೆ ಐದಕ್ಕೆ ಜನ ಬರಬೇಕು. ನಾಲ್ಕರ ಹೊತ್ತಿಗೆ ಅಡುಗೆಮನೆಗೆ ಹೋದರೆ, ಅವ್ವ ಇದ್ದಬದ್ದ ಕಿಟಕಿಗಳನ್ನೆಲ್ಲ ತೆಗೆದು, ಊದುಬತ್ತಿ ಹಚ್ಚಿ, ಉಳಿದ ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿ, ಅದರ ಮೇಲೊಂದು ಬಟ್ಟೆ ಸುತ್ತಿ, ಬಾಲ್ಕನಿಯ ವಾಷಿಂಗ್ ಮಷೀನಿನ ಹಿಂದೆ ಬಗ್ಗಿ ಇಡುತ್ತಿದ್ದಳು.

“ಅದ್ಯಾಕವ್ವ ಅಲ್ಲಿ?” ಅಂದೆ.

“ವಾಸ್ನೆ ಬಂದಾತು ಕಣ್ ಮಗ. ಬಂದೋರು ಏನಂದ್ಕೊಂಡಾರು?”

ಯಾರೂ ಅವಳಿಗೆ ಹಾಗೆ ಮಾಡು ಅಂದಿರಲಿಲ್ಲ. ಬರುವವರಲ್ಲಿ ಒಬ್ಬರೂ ಕೆಟ್ಟವರಲ್ಲ. ಆದರೂ ಎಪ್ಪತ್ತರ ಹತ್ತಿರದ ಹೆಂಗಸು, ಸ್ವಂತ ಮಗಳ ಮನೆಯಲ್ಲಿ, ತಾನು ಅಕ್ಕರೆಯಿಂದ ಮಾಡಿದ ಅಡುಗೆಯನ್ನು ಕದ್ದ ಮಾಲಿನ ಹಾಗೆ ಬಚ್ಚಿಡುತ್ತಿದ್ದಳು. ಆ ಸಂಜೆ ನನ್ನ ಎಗ್‌ಲೆಸ್ ಕೇಕನ್ನು ಎಲ್ಲರೂ ಹೊಗಳಿದರು. ನನಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ.

ಆವತ್ತಿನಿಂದ ಆ ಒಂದು ವಾಕ್ಯ ನನ್ನ ತಲೆಯಲ್ಲಿ ಕೂತಿದೆ. ಎಲ್ಲರೂ ತಿನ್ನೋ ಹಾಗಿರಲಿ. ಎಷ್ಟು ಒಳ್ಳೆಯ ಮಾತು! ಕೇಳಿದರೆ ಯಾರಿಗೂ ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಹಾಗಾಗಿಯೇ ಈ ಮಾತಿನ ಮೇಲೆ ಜಗಳಕ್ಕೆ ನಿಲ್ಲಬೇಕು ಅನ್ನಿಸಿದೆ.

ಮೊದಲು ಅದರ ಪರವಾದ ವಾದವನ್ನು ನ್ಯಾಯವಾಗಿ ಕೇಳೋಣ. ಮೊಟ್ಟೆ ತಿನ್ನುವವರು ಮೊಟ್ಟೆಯಿಲ್ಲದ್ದನ್ನೂ ತಿನ್ನುತ್ತಾರೆ. ತಿನ್ನದವರು ಮೊಟ್ಟೆಯದನ್ನು ತಿನ್ನಲಾರರು. ಒಂದೇ ಕೇಕು ಮಾಡುವುದಾದರೆ ಮೊಟ್ಟೆಯಿಲ್ಲದ್ದು ಮಾಡಿದರೆ ಯಾರಿಗೂ ತಪ್ಪುವುದಿಲ್ಲ. ಲೆಕ್ಕ ಸರಿಯಾಗಿದೆ. ಒಂದು ಸಂಜೆಗೆ ಸರಿಯಾಗಿದೆ. ಆದರೆ ಇಪ್ಪತ್ತು ವರ್ಷದಿಂದ ಪ್ರತಿ ಸಂಜೆಯೂ ಇದೇ ಲೆಕ್ಕ, ಪ್ರತಿ ಸಲವೂ ಹೊಂದಿಕೊಳ್ಳುವವರು ಅದೇ ಜನ ಎಂದಾದರೆ ಅದನ್ನು ಲೆಕ್ಕ ಅನ್ನುವುದಿಲ್ಲ. ಅದಕ್ಕೆ ನಮ್ಮ ಕಡೆ ಮೇಲು-ಕೀಳು ಅನ್ನುತ್ತಾರೆ.

ಈ ಲೆಕ್ಕವನ್ನೇ ಸ್ವಲ್ಪ ಮುಂದಕ್ಕೆ ಒಯ್ದು ನೋಡಿ. ನಮ್ಮ ಗುಂಪಿನಲ್ಲಿ ಒಬ್ಬಳು ವೀಗನ್ ಇದ್ದಾಳೆ. ಹಾಲು, ಬೆಣ್ಣೆ, ಮೊಸರು ಮುಟ್ಟುವುದಿಲ್ಲ. ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ. ಪಕ್ಕದ ಮನೆಯ ಹುಡುಗನಿಗೆ ಗೋಧಿ ಒಗ್ಗುವುದಿಲ್ಲ. ನಿಜವಾಗಿಯೂ ‘ಎಲ್ಲರೂ’ ತಿನ್ನುವಂತಿರಬೇಕಾದರೆ ನನ್ನ ಕೇಕಿನಲ್ಲಿ ಬೆಣ್ಣೆ, ಸಕ್ಕರೆ, ಮೈದಾ ಯಾವುದೂ ಇರಬಾರದು. ಇವರ ಬಗ್ಗೆ ಗುಂಪಿನಲ್ಲಿ ಯಾರೂ ಕೇಳಲಿಲ್ಲ. ಆ ವೀಗನ್ ಹುಡುಗಿ ತನ್ನ ಪಾಲಿನ ಡಬ್ಬಿಯನ್ನು ತಾನೇ ತಂದುಕೊಳ್ಳುತ್ತಾಳೆ. ಅವಳನ್ನು ನೋಡಿ ನಗುವವರೇ ನನ್ನನ್ನು ‘ಎಗ್‌ಲೆಸ್ ತಾನೇ’ ಎಂದು ಕೇಳುತ್ತಾರೆ. ಅಂದರೆ ‘ಎಲ್ಲರೂ’ ಎಂಬ ಆ ಅನುಕಂಪ ಸರಿಯಾಗಿ ಮೊಟ್ಟೆಯ ಹತ್ತಿರ ಬಂದು ನಿಂತುಬಿಡುತ್ತದೆ. ಎಲ್ಲಿ ನಿಲ್ಲುತ್ತದೆ ಎನ್ನುವುದರಲ್ಲೇ ಅದು ಯಾರಿಗಾಗಿ ಹೊರಟಿತ್ತು ಎನ್ನುವುದೂ ತಿಳಿಯುತ್ತದೆ.

ಇದನ್ನು ಓದಿ ನಾನು ಎಗ್‌ಲೆಸ್ ಕೇಕಿನ ವೈರಿ ಎಂದು ತಿಳಿಯಬೇಡಿ. ಮೊಸರಿಗೆ ಅಡುಗೆ ಸೋಡಾ ಬೆರೆಸಿದಾಗ ಬಟ್ಟಲಿನಲ್ಲಿ ಉಕ್ಕುವ ಗುಳ್ಳೆಗಳನ್ನು ನೋಡುವುದು ಇವತ್ತಿಗೂ ನನಗೆ ಖುಷಿ. ಮೊಟ್ಟೆ ಮಾಡುವ ಕೆಲಸವನ್ನು ಆ ಗುಳ್ಳೆಗಳು ತಕ್ಕಮಟ್ಟಿಗೆ ಮಾಡುತ್ತವೆ. ಆದರೆ ಮೊಟ್ಟೆಯ ಕೆಲಸವೇ ಬೇರೆ. ಹಳೆಯ ಪೌಂಡ್ ಕೇಕಿಗೆ ಆ ಹೆಸರು ಬಂದದ್ದೇ ಮೈದಾ, ಬೆಣ್ಣೆ, ಸಕ್ಕರೆ, ಮೊಟ್ಟೆ ನಾಲ್ಕೂ ಒಂದೊಂದು ಪೌಂಡ್ ಹಾಕುತ್ತಿದ್ದುದರಿಂದ. ಮನೆಯ ಅಳತೆಗೆ ಇಳಿಸಿದರೆ ನಾಲ್ಕು ಮೊಟ್ಟೆ, ಸಿಪ್ಪೆ ಬಿಟ್ಟು ಸುಮಾರು 200 ಗ್ರಾಂ. ಉಳಿದ ಮೂರೂ ಅಷ್ಟಷ್ಟೇ. ಮೊಟ್ಟೆಯನ್ನು ಕಡೆಯುತ್ತಾ ಹೋದರೆ ಅದು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೆಣ್ಣೆಯೂ ನೀರಿನಂಶವೂ ಬೇರೆಯಾಗದಂತೆ ನೋಡಿಕೊಳ್ಳುತ್ತದೆ, ಒಲೆಯ ಬಿಸಿಗೆ ಗಟ್ಟಿಯಾಗಿ ಕೇಕು ಕುಸಿಯದಂತೆ ಕಾಯುತ್ತದೆ. ಎರಡೂ ಕೇಕುಗಳೇ. ಎರಡಕ್ಕೂ ಅದರದರ ರುಚಿಯಿದೆ. ಒಂದು ಇನ್ನೊಂದರ ಶುದ್ಧೀಕೃತ ರೂಪ ಅಲ್ಲ.

ನನ್ನ ತಕರಾರು ಇರುವುದು ಈ ‘ಶುದ್ಧ’ ಎಂಬ ಪದದ ಜೊತೆಗೇ. ನಾವು ಕೇಕಿನ ಮಡಿ ಕಾಯುತ್ತಿರುವುದನ್ನು ನೋಡಿದರೆ ಬೇಕರಿಯ ಇತಿಹಾಸವೇ ನಕ್ಕೀತು. ಗೋವಾದಲ್ಲಿ ಪೋರ್ಚುಗೀಸರ ಕಾಲದಲ್ಲಿ ಪಾವ್ ಉಬ್ಬುತ್ತಿದ್ದುದು ಶೇಂದಿಯಿಂದ. ನಮ್ಮ ಅಜ್ಜಿಯರ ಕಾಲದ ಎಷ್ಟೋ ಸಂಪ್ರದಾಯಸ್ಥರ ಮನೆಗಳಲ್ಲಿ ಬ್ರೆಡ್ಡು, ಬಿಸ್ಕತ್ತು ಎರಡೂ ಮೈಲಿಗೆ. ಯಾರು ನಾದಿದ್ದೋ, ಯಾವ ನೀರೋ ಎಂದು. ಅಂಥ ಹೊತ್ತಿನಲ್ಲಿ, 1898ರಲ್ಲಿ, ಹಾಸನ ಕಡೆಯ ಅಯ್ಯಂಗಾರ್ ಮನೆತನವೊಂದು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬ್ರೆಡ್ಡು ಸುಡಲು ಕೂತಿತು. ಬಿ.ಬಿ. ಬೇಕರಿ ಎಂದು ಹೆಸರಾದ ಆ ಅಂಗಡಿಯನ್ನೇ ಊರಿನ ಅಯ್ಯಂಗಾರ್ ಬೇಕರಿಗಳಿಗೆಲ್ಲ ಮೊದಲಿನದು ಎನ್ನುತ್ತಾರೆ. ದೊರೆಗಳ ತಿಂಡಿಯನ್ನು ಪೇಟೆಯ ತಿಂಡಿ ಮಾಡಲು ಒಂದು ಮಡಿವಂತ ಸಮುದಾಯದವರು ಆ ಕಾಲಕ್ಕೆ ಎಷ್ಟು ಗೆರೆ ದಾಟಿರಬೇಕು ಯೋಚಿಸಿ. ಇವತ್ತು ಬೋರ್ಡಿನ ಮೇಲೆ ಅಯ್ಯಂಗಾರ್ ಎಂದಿದ್ದರೂ ಒಳಗೆ ಒಲೆಯ ಮುಂದೆ ನಿಂತವರು ಬೇರೆ ಬೇರೆ ಜಾತಿಯವರು.

ಅಂಥದೊಂದು ಬೇಕರಿ ನಮ್ಮ ಬೀದಿಯ ಕೊನೆಯಲ್ಲೂ ಇದೆ. ಸಂಜೆ ಆರಕ್ಕೆ ಅಲ್ಲಿಗೆ ಹೋಗಿ ನಿಂತರೆ ಮನಸ್ಸಿಗೆ ಹಿತವಾಗುತ್ತದೆ. ಗಾಜಿನ ಪೆಟ್ಟಿಗೆಯ ಒಂದು ತಟ್ಟೆಯಲ್ಲಿ ಎಗ್ ಪಫ್ಸ್, ಪಕ್ಕದ ತಟ್ಟೆಯಲ್ಲಿ ವೆಜ್ ಪಫ್ಸ್. ಇತ್ತ ಖಾರಾ ಬನ್ನು, ದಿಲ್ ಪಸಂದ್, ಗುಲಾಬಿ ಬಣ್ಣದ ಹನಿ ಕೇಕು. ಆಟೋದವರು, ಟ್ಯೂಷನ್ ಮುಗಿಸಿದ ಹುಡುಗರು, ದೇವಸ್ಥಾನದಿಂದ ಬಂದ ಹಿರಿಯರು, ಕಟ್ಟಡದ ಕೆಲಸದವರು ಎಲ್ಲರೂ ಒಂದೇ ಕಟ್ಟೆಯ ಮುಂದೆ ನಿಂತು ಹರಿದ ಪೇಪರಿನ ಚೂರಿನಲ್ಲಿ ತಮಗೆ ಬೇಕಾದ್ದನ್ನು ತಿನ್ನುತ್ತಾರೆ. “ಅಣ್ಣ, ಒಂದ್ ವೆಜ್ಜು, ಒಂದ್ ಎಗ್ಗು” ಎಂದು ಒಟ್ಟಿಗೆ ಕೇಳುವ ಗೆಳೆಯರಿದ್ದಾರೆ. ಒಬ್ಬನಿಗಾಗಿ ಇನ್ನೊಬ್ಬನ ತಟ್ಟೆಯನ್ನು ಯಾರೂ ಒಳಗೆ ಬಚ್ಚಿಡುವುದಿಲ್ಲ. ಇಪ್ಪತ್ತು ಚದರಡಿ ಜಾಗದ ಈ ಅಂಗಡಿಗೆ ಬಂದಿರುವ ಬುದ್ಧಿ ಮೂರು ಕೋಣೆಯ ನಮ್ಮ ಫ್ಲ್ಯಾಟುಗಳಿಗೆ ಯಾಕೆ ಬಂದಿಲ್ಲ?

ಮನೆಯೊಳಗಿನ ಈ ಮಾತು ಮನೆಯೊಳಗೇ ಉಳಿದಿದ್ದರೆ ನಾನೂ ಸುಮ್ಮನಿರುತ್ತಿದ್ದೆನೇನೋ. ಅದು ಬೀದಿಗೂ ಬರುತ್ತದೆ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಅಪೌಷ್ಟಿಕತೆಯ ಕಾರಣಕ್ಕೇ ಆ ಜಿಲ್ಲೆಗಳನ್ನು ಆರಿಸಿದ್ದು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಎಂದು ಯೋಜನೆಯಲ್ಲೇ ಇತ್ತು. ಒಂದೇ ಸಾಲಿನಲ್ಲಿ ಒಬ್ಬಳ ತಟ್ಟೆಯಲ್ಲಿ ಮೊಟ್ಟೆ, ಪಕ್ಕದವಳ ತಟ್ಟೆಯಲ್ಲಿ ಬಾಳೆಹಣ್ಣು. ಥೇಟ್ ನಮ್ಮ ಬೇಕರಿಯ ಗಾಜಿನ ಪೆಟ್ಟಿಗೆ. ಇದರಿಂದ ಮಕ್ಕಳಲ್ಲಿ ಭೇದಭಾವ ಬರುತ್ತದೆ, ಎಲ್ಲರಿಗೂ ಒಂದೇ ಕೊಡಿ ಎಂಬ ವಾದ ಬಂತು. ಭೇದ ಹುಟ್ಟುವುದು ತಟ್ಟೆಯಲ್ಲಿ ಬೇರೆ ಬೇರೆ ಇರುವುದರಿಂದ ಅಲ್ಲ, ಪಕ್ಕದವಳ ತಟ್ಟೆ ನೋಡಿ ಮೂಗು ಮುಚ್ಚಿಕೊಳ್ಳುವುದನ್ನು ದೊಡ್ಡವರು ಕಲಿಸುವುದರಿಂದ.

ಸಾಹಿತ್ಯದವರಾದ ನಾವೂ ಇದರಿಂದ ಹೊರಗಿಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯುವ ಮುಂಚೆ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ಮದ್ಯ, ತಂಬಾಕಿನ ಜೊತೆ ಮಾಂಸಾಹಾರವೂ ಸೇರಿತ್ತು. ಬಾಡೂಟಕ್ಕೆ ಹೆಸರಾದ ಮಂಡ್ಯದಲ್ಲಿ! ಜನ ಸಿಟ್ಟಾದರು, ಸಮ್ಮೇಳನದಲ್ಲಿ ಬಾಡೂಟ ಬಡಿಸಿ ಎಂಬ ಬೇಡಿಕೆ ಎದ್ದಿತು. ಊಟದ ವಿಷಯ ಸಾಹಿತ್ಯಕ್ಕೆ ಯಾಕೆ ಬೇಕು, ಇದು ಕ್ಷುಲ್ಲಕ ಎಂದು ಕೆಲವರು ಬೇಸರಪಟ್ಟರು. ನನ್ನ ಅವ್ವ ಮಾಡುವ ಅಡುಗೆ ಸಾರಾಯಿ, ಬೀಡಿಯ ಜೊತೆ ಒಂದೇ ಪಟ್ಟಿಯಲ್ಲಿ ಇರುವುದು ಕ್ಷುಲ್ಲಕ ಎನ್ನಬೇಕಾದರೆ ಆ ಅಡುಗೆ ನಿಮ್ಮ ಮನೆಯದಾಗಿರಬಾರದು, ಅಷ್ಟೇ. ಸರ್ಕಾರದ ಸಮೀಕ್ಷೆಗಳ ಪ್ರಕಾರವೇ ಈ ರಾಜ್ಯದಲ್ಲಿ ಮೊಟ್ಟೆ, ಮೀನು, ಮಾಂಸ ತಿನ್ನುವವರು ಬಹುಸಂಖ್ಯಾತರು. ಬಹುಸಂಖ್ಯಾತರು ತಮ್ಮ ಊಟವನ್ನು ಬಚ್ಚಿಟ್ಟುಕೊಂಡು ಅಲ್ಪಸಂಖ್ಯಾತರನ್ನು ‘ಎಲ್ಲರೂ’ ಎಂದು ಕರೆಯುವ ವಿಚಿತ್ರ ನಮ್ಮದು. ಬಾಡಿಗೆ ಮನೆಯ ಗೇಟಿಗೆ ನೇತುಹಾಕಿದ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು ಕೂಡ ಇದೇ ವಾಕ್ಯದ ಅಣ್ಣ. ಅವನು ಒರಟ, ಇದು ನಯವಾದ ತಂಗಿ.

ಒಂದು ಆಕ್ಷೇಪ ಉಳಿಯುತ್ತದೆ. ನಿಜವಾದ ದಯೆಯಿಂದ, ಜೀವಹಿಂಸೆ ಬೇಡವೆಂದು ತಿನ್ನದಿರುವವರಿಲ್ಲವೇ? ಇದ್ದಾರೆ. ನನ್ನ ಇಬ್ಬರು ಆಪ್ತ ಗೆಳತಿಯರು ಹಾಗೆ. ಅವರಿಗಾಗಿ ಬೇರೆ ಬಟ್ಟಲು, ಬೇರೆ ಚಾಕು, ಬೇರೆ ಟ್ರೇ ಇಡುತ್ತೇನೆ; ಯಾವುದರಲ್ಲಿ ಏನಿದೆ ಎಂದು ಚೀಟಿ ಬರೆದು ಅಂಟಿಸುತ್ತೇನೆ. ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆಯ ಕೆಲಸ ಅದೇ ತಾನೇ? ಏನಿದೆ ಎಂದು ತಿಳಿಸುವುದು. ಅಂಗಡಿಯಿಂದ ಇನ್ನೊಂದನ್ನು ಓಡಿಸುವುದು ಅದರ ಕೆಲಸವಲ್ಲ. ಮೊಟ್ಟೆಯ ಅಲರ್ಜಿ ಇರುವ ಮಗು ಬರುತ್ತದೆ ಎಂದರೆ ಆ ದಿನ ಮನೆಯಲ್ಲಿ ಮೊಟ್ಟೆಯನ್ನೇ ಒಡೆಯುವುದಿಲ್ಲ. ಅದು ಜೀವದ ಪ್ರಶ್ನೆ. ತಿನ್ನದಿರುವುದು ಅತಿಥಿಯ ಹಕ್ಕು. ಅದನ್ನು ಕಾಯುವುದು ನನ್ನ ಧರ್ಮ. ಆದರೆ ನಾನು ತಿನ್ನುವುದು ಅವರ ಕಣ್ಣಿಗೂ ಬೀಳಬಾರದು, ಮೂಗಿಗೂ ತಾಗಬಾರದು ಎನ್ನುವುದು ಹಕ್ಕಿನ ಮಾತಲ್ಲ, ಯಜಮಾನಿಕೆಯ ಮಾತು.

ಹೆಚ್ಚು ಸಿಟ್ಟು ನನಗೆ ನನ್ನ ಮೇಲೆಯೇ. ಇಷ್ಟು ವರ್ಷ ನಾನು ಇದನ್ನು ಔದಾರ್ಯ ಅಂದುಕೊಂಡಿದ್ದೆ. ಔದಾರ್ಯವಾದರೆ ಒಮ್ಮೆಯಾದರೂ ತಿರುಗಿ ಬರುವ ನಿರೀಕ್ಷೆ ಇರಬೇಕಿತ್ತು. “ನಿಮ್ಮವ್ವನ ಸಾರು ನಾವು ತಿನ್ನಲ್ಲ, ಆದರೆ ಅವರ ಪಕ್ಕ ಕೂರುತ್ತೇವೆ” ಎಂಬಷ್ಟು. ನಾನು ಅದನ್ನು ಕೇಳಲೂ ಇಲ್ಲ. ಕೇಳದೇ ಇದ್ದದ್ದು ಭಯದಿಂದ. ಗುಂಪಿನಲ್ಲಿ ನಾನು ‘ಅವರ ಥರದವಳು’ ಎನಿಸಿಕೊಳ್ಳುವ ಆಸೆಯಿಂದ. ಅವ್ವ ಊದುಬತ್ತಿ ಹಚ್ಚಿದ್ದು ಆ ಒಂದು ದಿನ. ನಾನು ಇಪ್ಪತ್ತು ವರ್ಷದಿಂದ ಹಚ್ಚುತ್ತಲೇ ಇದ್ದೇನೆ.

ಒಟ್ಟಿಗೆ ಉಣ್ಣುವುದನ್ನು ನಾವು ಸುಖಾಸುಮ್ಮನೆ ಹೊಗಳುತ್ತೇವೆ. ಒಟ್ಟಿಗೆ ಉಂಡ ಮಾತ್ರಕ್ಕೆ ಜಾತಿ ಸಾಯುವುದಿಲ್ಲ ಎಂದು ಅಂಬೇಡ್ಕರ್ 1936ರಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ಅಂಥದ್ದರಲ್ಲಿ ಒಬ್ಬರ ಪಾತ್ರೆಯನ್ನು ವಾಷಿಂಗ್ ಮಷೀನಿನ ಹಿಂದೆ ಇಟ್ಟು ಉಂಡ ಊಟವನ್ನು ಒಟ್ಟಿಗೆ ಉಂಡದ್ದು ಎಂದು ಕರೆಯಲೂ ನನಗೆ ನಾಚಿಕೆ.

ಈ ವರ್ಷ ಮಗಳಿಗೆ ಹನ್ನೊಂದು. ಗುಂಪಿನಲ್ಲಿ ಅದೇ ಪ್ರಶ್ನೆ ಬಂತು. “ಎರಡೂ ಇರುತ್ತೆ. ಅವ್ವನ ಕೋಳಿಸಾರೂ ಇರುತ್ತೆ. ಬನ್ನಿ” ಎಂದು ಬರೆದೆ. ಬಹಳ ಹೊತ್ತು ಯಾರೂ ಏನೂ ಹೇಳಲಿಲ್ಲ. ಹೆಬ್ಬೆರಳುಗಳು ಮೂರೇ ಬಂದವು. ಸಂಜೆ ಇಬ್ಬರು ಬರಲಿಲ್ಲ; ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಂದವರು ಚೀಟಿ ಓದಿ ತಮಗೆ ಬೇಕಾದ ತುಂಡು ತೆಗೆದುಕೊಂಡರು. ಮೊಟ್ಟೆಯನ್ನೂ ಮುಟ್ಟದ ಗೆಳತಿಯೊಬ್ಬಳು ತನ್ನ ತಟ್ಟೆ ಹಿಡಿದು ಅಡುಗೆಮನೆಯಲ್ಲಿ ಅವ್ವನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಇಬ್ಬರೂ ಹುರುಳಿಕಾಳಿನ ಬಸ್ಸಾರಿನ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಕೋಳಿಸಾರು ಪಕ್ಕದ ಒಲೆಯ ಮೇಲೆ ಸಣ್ಣ ಉರಿಯಲ್ಲಿ ಕುದಿಯುತ್ತಿತ್ತು. ತಟ್ಟೆ ಮುಚ್ಚಿರಲಿಲ್ಲ.